ಬೆಳೆಯುವ ನಗರಗಳು ಮತ್ತು ನಮ್ಮ ಬೈಲುಗದ್ದೆಗಳು

(ಮೂಡುಬಿದಿರೆಯಲ್ಲಿ ರೈತರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಬೇಸಾಯಶಾಸ್ತ್ರದ ಪಾಠ ಹೇಳುವವನು ನಗರಗಳ ವಿಷಯ ಎತ್ತಿಕೊಂಡನಲ್ಲ ಎಂದು ತಮಗೆ ಆಶ್ಚರ್ಯವಾಗಬಹುದು. ಗೊಬ್ಬರದ ಪ್ರಮಾಣ, ಕೀಟದ ಹತೋಟಿ ಇವನ್ನು ಕೇಳಲು ಬಂದವರು ತಾವು. ಆದರೆ ಗದ್ದೆಯೇ ಉಳಿಯದಿದ್ದರೆ ಗೊಬ್ಬರ ಎಲ್ಲಿಗೆ ಹಾಕುವುದು? ಆದ್ದರಿಂದ ಇಂದು ಸ್ವಲ್ಪ ದೂರದಿಂದ ಆರಂಭಿಸುತ್ತೇನೆ.

1950ರಲ್ಲಿ ಪ್ರಪಂಚದ ಜನರಲ್ಲಿ ಶೇಕಡ 30ರಷ್ಟು ಮಾತ್ರ ಪಟ್ಟಣವಾಸಿಗಳಾಗಿದ್ದರು. ವಿಶ್ವಸಂಸ್ಥೆಯ 2018ರ ವರದಿಯ ಪ್ರಕಾರ ಅದು ಶೇಕಡ 55ಕ್ಕೆ ಏರಿತ್ತು. 2050ರ ಹೊತ್ತಿಗೆ ಶೇಕಡ 68 ಆಗುವುದೆಂದು ಅದೇ ವರದಿಯ ಅಂದಾಜು. ಆ ಅವಧಿಯಲ್ಲಿ ನಮ್ಮ ದೇಶದ ಪಟ್ಟಣಗಳಿಗೇ 41 ಕೋಟಿಗೂ ಹೆಚ್ಚು ಜನ ಸೇರುವರಂತೆ. ದಕ್ಷಿಣ ಕನ್ನಡದಲ್ಲಿ 2011ರ ಜನಗಣತಿಯಲ್ಲಿಯೇ ಶೇಕಡ 47ಕ್ಕೂ ಮೇಲ್ಪಟ್ಟು ಜನ ಪಟ್ಟಣವಾಸಿಗಳೆಂದು ಲೆಕ್ಕಕ್ಕೆ ಬಂದರು. ರಾಜ್ಯದ ಸರಾಸರಿ ಶೇಕಡ 38.67 ಆಗಿತ್ತು.

ಇವರೆಲ್ಲ ಊರು ಬಿಟ್ಟು ಹೋದವರೆಂದು ತಿಳಿಯಬಾರದು. ಜನಗಣತಿಯ ನಿಯಮದಲ್ಲಿ ಒಂದು ವಿಶೇಷವಿದೆ. ಒಂದು ಗ್ರಾಮದಲ್ಲಿ ಕನಿಷ್ಠ 5,000 ಜನರಿದ್ದು, ಚದರ ಕಿಲೋಮೀಟರಿಗೆ 400 ಜನರ ದಟ್ಟಣೆಯಿದ್ದು, ದುಡಿಯುವ ಗಂಡಸರಲ್ಲಿ ಶೇಕಡ 75 ಮಂದಿ ಬೇಸಾಯೇತರ ಕೆಲಸದಲ್ಲಿದ್ದರೆ ಅದನ್ನು ಪಟ್ಟಣವೆಂದು ಎಣಿಸುತ್ತಾರೆ. ಪುರಸಭೆ ಬೇಕೆಂದಿಲ್ಲ, ಬಸ್ಸು ನಿಲ್ದಾಣ ಬೇಕೆಂದಿಲ್ಲ. ಹೆಂಗಸರು ಏನು ಮಾಡುತ್ತಾರೆಂಬುದನ್ನು ಈ ಲೆಕ್ಕ ಕೇಳುವುದೂ ಇಲ್ಲ. ಗದ್ದೆಯ ನೇಜಿ ನೆಟ್ಟವರೂ ಮನೆಯ ಚಾವಡಿಯಲ್ಲಿ ಬೀಡಿ ಕಟ್ಟಿದವರೂ ಅವರೇ ಎಂಬುದು ನಮಗೆ ಗೊತ್ತಿದೆ. ಅಂದರೆ ಗಂಡಸರು ನೊಗ ಇಳಿಸಿದರೆ ಕುಳಿತಲ್ಲಿಯೇ ಹಳ್ಳಿ ಪಟ್ಟಣವಾಗುತ್ತದೆ. ನಮ್ಮ ಜಿಲ್ಲೆಯಲ್ಲಿ ನಗರ ಬೆಳೆದದ್ದು ಬಹುಮಟ್ಟಿಗೆ ಹೀಗೆ.

ನೊಗ ಇಳಿಸಿದ ಮೇಲೆ ಗದ್ದೆಗೆ ಏನಾಯಿತು? ಬೆಟ್ಟು ಗದ್ದೆಗಳು ಮೊದಲು ಹಡಿಲು ಬಿದ್ದವು ಅಥವಾ ಮನೆಯ ನಿವೇಶನಗಳಾದವು. ಮಜಲು ಗದ್ದೆಗಳಿಗೆ ಅಡಿಕೆ, ತೆಂಗು ಬಂತು. ಕೊನೆಗೆ ಬೈಲಿಗೂ ಮಣ್ಣು ಬಿತ್ತು. ಇದರಲ್ಲಿ ರೈತನ ತಪ್ಪನ್ನು ನಾನು ಎತ್ತಿ ಆಡಲಾರೆ. ನಮ್ಮ ಮನೆಯ ಬೈಲಿನಲ್ಲಿಯೂ ಆಳವಾದ ಕಣಿ ತೆಗೆದು ಅಡಿಕೆ ಇಟ್ಟವರು ನಾವೇ. ಭತ್ತದ ಲೆಕ್ಕ ಬರೆದು ನೋಡಿದ ಮೇಲೆ ತಂದೆಯವರಿಗೆ ಬೇರೆ ಸಲಹೆ ಕೊಡಲು ಈ ಡಾಕ್ಟರೇಟು ಮಗನಿಗೆ ಬಾಯಿ ಬರಲಿಲ್ಲ. ಮೂರು ನಾಲ್ಕು ಬೇಸಿಗೆ ಕಳೆದ ಮೇಲೆ ಬಾವಿಯ ಹಗ್ಗ ಉದ್ದ ಮಾಡಬೇಕಾಯಿತು. ಕಾರಣ ಕಣಿಯೊಂದೇ ಎಂದು ಹೇಳಲಾರೆ. ಸುತ್ತಲೂ ಕೊಳವೆಬಾವಿಗಳು ಬಂದಿದ್ದವು.

ಈಗ ಮುಖ್ಯ ವಿಷಯಕ್ಕೆ ಬರೋಣ. ಮಂಗಳೂರು ನಗರ ಕುಡಿಯುವುದು ಬಂಟ್ವಾಳ ತಾಲ್ಲೂಕಿನ ತುಂಬೆಯ ಕಿಂಡಿ ಅಣೆಕಟ್ಟಿನ ನೀರನ್ನು, ದಿನಕ್ಕೆ ಸುಮಾರು 16 ಕೋಟಿ ಲೀಟರು. ಕುದುರೆಮುಖದ ಕಡೆಯಿಂದ ಇಳಿಯುವ ನೇತ್ರಾವತಿಯು ಬೆಳ್ತಂಗಡಿಯ ಹಳ್ಳತೊರೆಗಳನ್ನು ಕೂಡಿಸಿಕೊಂಡು, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಸೇರಿಸಿಕೊಂಡು ತುಂಬೆಗೆ ಬರುತ್ತದೆ. ಮೂಡುಬಿದಿರೆಯ ಕಡೆಯ ನೀರು ಫಲ್ಗುಣಿಯ ಮೂಲಕ ಅದೇ ಮಂಗಳೂರಿನ ಬಳಿ ಸಮುದ್ರ ಸೇರುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಬೀಳುವ ಸೀಮೆಯಿದು. ಹೀಗಿದ್ದೂ 2016ರ ಬೇಸಿಗೆಯಲ್ಲಿ ಮಂಗಳೂರಿಗೆ ಸರದಿಯ ಮೇಲೆ ನೀರು ಬಿಡಬೇಕಾಯಿತು. 2019ರಲ್ಲಿ ಮತ್ತೆ ಅದೇ ಆಯಿತು. ಆ ವರ್ಷದ ಮೇ ತಿಂಗಳಲ್ಲಿ ನದಿಯ ದಡದಲ್ಲಿಯೇ ಇರುವ ಧರ್ಮಸ್ಥಳದಲ್ಲಿ ನೀರಿಲ್ಲದೆ, ಯಾತ್ರಿಕರು ಪ್ರವಾಸವನ್ನು ಮುಂದೂಡಬೇಕೆಂದು ಧರ್ಮಾಧಿಕಾರಿಗಳು ವಿನಂತಿಸಿದರು. ಮೂರು ತಿಂಗಳು ಕಳೆಯಲಿಲ್ಲ, ಆಗಸ್ಟಿನಲ್ಲಿ ಅದೇ ಬೆಳ್ತಂಗಡಿ ತಾಲ್ಲೂಕಿನ ಘಟ್ಟದ ಬುಡದ ಹಳ್ಳಿಗಳಲ್ಲಿ ನೆರೆ ನುಗ್ಗಿ ತೋಟಗಳ ಮೇಲೆ ಮರಳು, ಮರದ ದಿಮ್ಮಿ ತಂದು ಹಾಕಿತು.

ಬರ ಬಂದಾಗ ನಗರ ಏನು ಮಾಡುತ್ತದೆ? ಅಣೆಕಟ್ಟನ್ನು ಎತ್ತರಿಸುತ್ತದೆ. ತುಂಬೆಯಲ್ಲಿ ಹಳೆಯದು ಸಾಲದೆ ಹೊಸ ಅಣೆಕಟ್ಟು ಕಟ್ಟಿ ನೀರಿನ ಮಟ್ಟ ಏರಿಸಿದಾಗ ದಡದ ರೈತರ ಜಮೀನು ಮುಳುಗಿತು. ಪರಿಹಾರಕ್ಕಾಗಿ ಅವರು ಕಚೇರಿಗಳಿಗೆ ಅಲೆದರು. ನದಿಗೆ ಕೃಷಿಪಂಪು ಹಚ್ಚಬಾರದೆಂಬ ನಿರ್ಬಂಧವೂ ಬಿಗಿ ಬೇಸಿಗೆಗಳಲ್ಲಿ ಬಂದಿದೆ. ಕುಡಿಯುವ ನೀರಿಗೆ ಮೊದಲ ಸ್ಥಾನ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಆ ನೀರನ್ನು ಹಿಡಿದಿಡುವವರು ಯಾರೆಂಬ ಪ್ರಶ್ನೆಯನ್ನು ಯಾರೂ ಕೇಳುತ್ತಿಲ್ಲ.

ಒಂದು ಸಣ್ಣ ಲೆಕ್ಕ ಮಾಡೋಣ. ಹುಣಿ ಭದ್ರವಾಗಿರುವ ಒಂದು ಎಕರೆ ಏಣೆಲು ಗದ್ದೆಯಲ್ಲಿ ದಿನಕ್ಕೆ 5 ಮಿಲಿಮೀಟರು ನೀರು ಇಂಗುವುದೆಂದು ಇಟ್ಟುಕೊಳ್ಳಿ. ಅದು 20,000 ಲೀಟರಾಯಿತು. 90 ದಿನ ನೀರು ನಿಂತರೆ 18 ಲಕ್ಷ ಲೀಟರು. ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರೆಂಬ ಮಾನದಂಡ ಹಿಡಿದರೆ ಇದು 36 ಮಂದಿಯ ವರ್ಷದ ನೀರು. ಕೆಸರು ಮಾಡಿದ ಗದ್ದೆಯಲ್ಲಿ ಇಂಗುವ ವೇಗ ಕಡಮೆ ಎಂಬುದು ನಿಜ, ಹಡಿಲು ಗದ್ದೆಯಲ್ಲಿಯೂ ಸ್ವಲ್ಪ ಇಂಗುತ್ತದೆ. ಆದರೆ ಹುಣಿ ಒಡೆದ ಗದ್ದೆಯಲ್ಲಿ ನೀರು ನಿಲ್ಲುವುದಿಲ್ಲ, ಮಣ್ಣು ತುಂಬಿಸಿ ಕಾಂಕ್ರೀಟು ಹಾಕಿದಲ್ಲಿ ಇಂಗುವ ಪ್ರಶ್ನೆಯೇ ಇಲ್ಲ. ಇಂಗಿದ್ದೆಲ್ಲ ಮೇ ತಿಂಗಳವರೆಗೆ ಕಾದಿರುತ್ತದೆಂದೂ ನಾನು ಹೇಳುವುದಿಲ್ಲ. ನಮ್ಮದು ಜಂಬಿಟ್ಟಿಗೆಯ ಇಳಿಜಾರು ನೆಲ. ಬಹಳಷ್ಟು ನೀರು ವಾರಗಳಲ್ಲಿಯೇ ತೋಡಿಗೆ ಜಾರುತ್ತದೆ. ಹಿರಿಯರು ತೋಡಿಗೆ ಕಟ್ಟ ಹಾಕುತ್ತಿದ್ದುದು ಅದಕ್ಕಾಗಿಯೇ. ಸುಗ್ಗಿ, ಕೊಳಕೆ ಬೆಳೆಗಳು ನಿಂತ ಮೇಲೆ ಕಟ್ಟ ಹಾಕುವವರೂ ಕಡಮೆಯಾದರು.

ಜಪಾನಿನ ಕುಮಮೊಟೊ ನಗರದ ಉದಾಹರಣೆ ಕೇಳಿ. ಅಲ್ಲಿ ಸುಮಾರು 7 ಲಕ್ಷ ಜನರು ಕುಡಿಯುವುದು ಅಂತರ್ಜಲ. ಶಿರಕಾವಾ ನದಿಯ ಮಧ್ಯಭಾಗದ ಭತ್ತದ ಗದ್ದೆಗಳು ಕಡಮೆಯಾದಂತೆ ಆ ಅಂತರ್ಜಲ ಇಳಿಯತೊಡಗಿತು. 2004ರಿಂದ ನಗರವು, ಬೇರೆ ಬೆಳೆಗೆ ಮಾರ್ಪಟ್ಟ ಗದ್ದೆಗಳಲ್ಲಿ ಬೆಳೆಯಿಲ್ಲದ ದಿನಗಳಲ್ಲಿ ನೀರು ನಿಲ್ಲಿಸುವ ರೈತರಿಗೆ ಎಷ್ಟು ಜಾಗ, ಎಷ್ಟು ದಿನ ಎಂಬ ಲೆಕ್ಕದಲ್ಲಿ ಹಣ ಕೊಡುತ್ತ ಬಂದಿದೆ. ಅಲ್ಲಿನ ಜ್ವಾಲಾಮುಖಿ ಮಣ್ಣು ಬೇರೆ, ನಮ್ಮ ಮಣ್ಣು ಬೇರೆ. ಅವರ ಪದ್ಧತಿಯನ್ನು ಹಾಗೆಯೇ ಎತ್ತಿ ತರಲಾಗದು. ಹತ್ತಿರದ ಉದಾಹರಣೆ ಬೇಕಾದರೆ ಗಡಿ ದಾಟಿ ಕಾಸರಗೋಡಿಗೆ ಹೋಗಬಹುದು. ಗದ್ದೆಯನ್ನು ಗದ್ದೆಯಾಗಿ ಉಳಿಸಿದವರಿಗೆ ಕೇರಳ ಸರ್ಕಾರ 2020ರಲ್ಲಿ ಹೆಕ್ಟೇರಿಗೆ ವರ್ಷಕ್ಕೆ 2,000 ರೂಪಾಯಿ ಕೊಡಲು ಆರಂಭಿಸಿತು. ಮೊತ್ತ ಸಣ್ಣದು. ಆದರೆ ಭತ್ತಕ್ಕಲ್ಲದೆ ಗದ್ದೆಗೇ ಒಂದು ಬೆಲೆಯಿದೆಯೆಂದು ಸರ್ಕಾರ ಒಪ್ಪಿದಂತಾಯಿತು.

ನಾವು ನಿಂತಿರುವ ಈ ಮೂಡುಬಿದಿರೆಯಲ್ಲಿ 18 ಬಸದಿ, 18 ಕೆರೆ ಎಂದು ಹೇಳುವ ವಾಡಿಕೆಯುಂಟು. ಸಾವಿರ ಕಂಬದ ಬಸದಿ 1430ರದು. ಊರು ಕಟ್ಟಿದವರು ಬಸದಿಯ ಜೊತೆಗೆ ಕೆರೆಯನ್ನೂ ಎಣಿಸಿದ್ದರು. ಇಂದು ಬಡಾವಣೆಯ ನಕ್ಷೆಯಲ್ಲಿ ನಾನು ರಸ್ತೆಯ ಅಗಲ ನೋಡಿದ್ದೇನೆ, ತೋಡಿನ ಅಗಲ ಬರೆದದ್ದನ್ನು ನೋಡಿದ್ದು ವಿರಳ.

ಮಂಗಳೂರು ತನ್ನ ನೀರಿನ ತೆರಿಗೆಯಲ್ಲಿ ಒಂದು ಪಾಲನ್ನು ಬಂಟ್ವಾಳ, ಬೆಳ್ತಂಗಡಿಯ ಗದ್ದೆ ಮತ್ತು ಕಟ್ಟಗಳಿಗೆ ಕೊಡಬೇಕು ಎಂಬುದು ನನ್ನ ಅಭಿಪ್ರಾಯ. ಕೇಳಿದೊಡನೆ ಸಿಗುವುದಿಲ್ಲ. ಕುಮಮೊಟೊದಲ್ಲಿ ಬಾವಿಗಳ ಮಟ್ಟವನ್ನು ವರ್ಷಗಟ್ಟಲೆ ಅಳೆದಿದ್ದ ದಾಖಲೆಯಿತ್ತು. ನಮ್ಮಲ್ಲಿ ಮಾತು ಮಾತ್ರ ಇದೆ. ಆದುದರಿಂದ ಈ ವರ್ಷ ಒಂದು ಕೆಲಸ ಮಾಡಿ. ನವೆಂಬರ್ ಕೊನೆಗೆ ತೋಡಿನ ಹರಿವು ಇಳಿದೊಡನೆ, ತಡಮಾಡದೆ, ನೆರೆಕರೆಯವರು ಸೇರಿ ಕಟ್ಟ ಹಾಕಿ; ಮರಳಿನ ಚೀಲವಾದರೂ ಆಗುತ್ತದೆ. ಅದಕ್ಕೂ ಮುಂಚೆ, ಕಟ್ಟದ ಆಚೀಚೆಯ ನಾಲ್ಕು ಬಾವಿಗಳನ್ನು ಆರಿಸಿ, ಪ್ರತಿ ತಿಂಗಳ 1ನೆಯ ತಾರೀಕು ಬೆಳಿಗ್ಗೆ ಪಂಪು ಹಾಕುವ ಮೊದಲು, ಕಲ್ಲು ಕಟ್ಟಿದ ಹಗ್ಗ ಇಳಿಸಿ ದಂಡೆಯಿಂದ ನೀರಿನವರೆಗೆ ಎಷ್ಟು ಅಡಿಯೆಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕಟ್ಟವಿಲ್ಲದ ತೋಡಿನ ಎರಡು ಬಾವಿಗಳನ್ನೂ ಹಾಗೆಯೇ ಅಳೆಯಿರಿ, ಹೋಲಿಸಲು ಬೇಕಾಗುತ್ತದೆ. ವಿಸ್ತರಣಾ ಕಾರ್ಯಕರ್ತರು ಮೇ ಕೊನೆಯಲ್ಲಿ ಆ ಪುಸ್ತಕಗಳ ನಕಲು ತೆಗೆದು ನನಗೆ ಕಳುಹಿಸಿದರೆ ಲೆಕ್ಕ ಹಾಕುವ ಹೊಣೆ ನನ್ನದು.