ಬೇಟೆಯ ನಾಯಿಯೂ ವರ್ತಕನ ತಕ್ಕಡಿಯೂ

(ಪಂಚಕಲ್ಯಾಣ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ನಾನು ಪಂಡಿತನಲ್ಲ. ಹತ್ತನೆಯ ತರಗತಿ ಮುಗಿಸಿ ತಂದೆಯವರ ಅಂಗಡಿಯಲ್ಲಿ ತಕ್ಕಡಿ ಹಿಡಿದವನು. ಶಾಸ್ತ್ರದ ವಿಷಯವನ್ನು ವಿದ್ವಾಂಸರು ಈಗಾಗಲೇ ನಿರೂಪಿಸಿದ್ದಾರೆ. ಬಾಲ್ಯದಲ್ಲಿ ನಾನು ಕಣ್ಣಾರೆ ಕಂಡ ಒಂದು ಬೇಟೆಯ ಸಂಗತಿಯನ್ನೂ, ಮುಂದೆ ನನ್ನಿಂದಲೇ ನಡೆದ ಒಂದು ತಪ್ಪನ್ನೂ ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

1983ರ ಮಾತು. ನನಗಾಗ ಹನ್ನೆರಡು ವರ್ಷ. ನಮ್ಮ ಚನ್ನಗಿರಿ ಆಗ ಶಿವಮೊಗ್ಗ ಜಿಲ್ಲೆಗೆ ಸೇರಿತ್ತು. ಸಣ್ಣ ಬೇಟೆಗೆ ಪರವಾನಗಿ ದೊರೆಯುತ್ತಿದ್ದ ಕಾಲ. ಪರಸ್ಥಳದ ಮಹನೀಯರೊಬ್ಬರು ಕಾಡುಕೋಳಿಯ ಬೇಟೆಗೆಂದು ಪಾಯಿಂಟರ್ ಎಂಬ ಇಂಗ್ಲಿಷ್ ತಳಿಯ ನಾಯಿಯೊಂದನ್ನು ಕರೆತಂದಿದ್ದರು. ಹುಡುಗರಾದ ನಾವು ಕುತೂಹಲದಿಂದ ಗುಡ್ಡದವರೆಗೆ ಹಿಂಬಾಲಿಸಿದೆವು.

ನಮ್ಮ ಮುಧೋಳದ ನಾಯಿ ಕಣ್ಣಿನಿಂದ ಬೇಟೆಯನ್ನು ಕಂಡು ಅಟ್ಟಿಸಿಕೊಂಡು ಹೋಗುತ್ತದೆ. ಪಾಯಿಂಟರ್ ಹಾಗಲ್ಲ. ಅದು ಗಾಳಿಯಲ್ಲಿ ಹಕ್ಕಿಯ ವಾಸನೆ ಹಿಡಿದೊಡನೆ, ಒಂದು ಮುಂಗಾಲನ್ನೆತ್ತಿ, ಮೂತಿಯನ್ನು ಪೊದೆಯತ್ತ ಚಾಚಿ, ಬಾಲವನ್ನು ನೆಟ್ಟಗೆ ಹಿಡಿದು ಕಲ್ಲಿನಂತೆ ನಿಂತುಬಿಡುತ್ತದೆ. ಹಾರುವ ಮೊದಲು ಪ್ರಾಣಿಗಳು ಕ್ಷಣಕಾಲ ತಡೆಯುವ ಸಹಜ ಗುಣವನ್ನೇ ಮನುಷ್ಯನು ತಲೆಮಾರುಗಳ ಸಾಕಣೆಯಿಂದ ಹೀಗೆ ಬೆಳೆಸಿದ್ದಾನೆ. ಅಂದು ನಾಯಿಯೂ ನಿಂತಿತು, ಪೊದೆಯೊಳಗೆ ಹಕ್ಕಿಯೂ ಅಡಗಿ ಕುಳಿತಿತು. ಯಜಮಾನರು ಸನ್ನೆ ಮಾಡಿದರು. ಹುಂಜವು ಬೊಬ್ಬಿಟ್ಟು ಮೇಲೆದ್ದಿತು, ಕೋವಿ ಹಾರಿತು. ಬಿದ್ದ ಹಕ್ಕಿಯ ಕೊರಳ ಗರಿಗಳಲ್ಲಿ ಮೇಣದ ಹನಿಗಳಂತೆ ಹೊಳೆಯುವ ಚುಕ್ಕೆಗಳಿದ್ದವು. ಮೀನು ಹಿಡಿಯುವ ಗಾಳಕ್ಕೆ ಕಟ್ಟಲು ಇಂಗ್ಲೆಂಡಿನಲ್ಲಿ ಈ ಗರಿಗೆ ಬಹಳ ಬೇಡಿಕೆಯಿತ್ತೆಂದು ಮುಂದೆ ಓದಿ ತಿಳಿದೆ.

ಮನೆಗೆ ಬಂದು ಹೇಳಿದಾಗ, ನಮ್ಮ ಅಜ್ಜಿಯವರು ಬೈಯಲಿಲ್ಲ. ಯಶೋಧರನ ಕಥೆಯನ್ನು ಹೇಳಿದರು. ಜನ್ನಕವಿಯು 1209ರಲ್ಲಿ ಕನ್ನಡಕ್ಕೆ ತಂದ ಆ ಕಥೆಯನ್ನು ತಾವೆಲ್ಲರೂ ಬಲ್ಲಿರಿ. ಹಿಟ್ಟಿನ ಕೋಳಿಯನ್ನು ಬಲಿಗೊಟ್ಟ ಸಂಕಲ್ಪಮಾತ್ರದಿಂದ ಅರಸನು ನವಿಲಾಗಿಯೂ, ಅವನ ತಾಯಿ ನಾಯಿಯಾಗಿಯೂ ಹುಟ್ಟುತ್ತಾರೆ. ಆ ನಾಯಿಯೇ ಆ ನವಿಲನ್ನು ಕೊಲ್ಲುತ್ತದೆ. ಮುಂದೆ ಮಗ ಯಶೋಮತಿಯು ಬೇಟೆಗೆ ಹೊರಟು, ಸುದತ್ತ ಮುನಿಗಳ ಮೇಲೆ ನಾಯಿಗಳನ್ನು ಛೂ ಬಿಟ್ಟಾಗ, ಅವು ಮುನ್ನುಗ್ಗದೆ ನಿಂತುಬಿಡುತ್ತವೆ. ಅರಸನಿಗೆ ಬುದ್ಧಿ ಹೇಳಿದವನು ಕಲ್ಯಾಣಮಿತ್ರ. ಅವನು ಮಂತ್ರಿಯಲ್ಲ, ನಮ್ಮಂತೆ ಒಬ್ಬ ವರ್ತಕ.

ಇಷ್ಟು ಕೇಳಿ ಬೆಳೆದ ನಾನು ಮಾಡಿದ್ದೇನು? ನಮ್ಮ ಅಂಗಡಿಯಲ್ಲಿ ಹಗ್ಗ, ತಂತಿ, ನೈಲಾನ್ ದಾರಗಳ ವ್ಯಾಪಾರ. ಹೊನ್ನಾಳಿ, ನ್ಯಾಮತಿಯ ಕಡೆಯಿಂದಲೂ ಗಿರಾಕಿಗಳು ಬರುವರು. ಜಗಳೂರಿನ ಸಣ್ಣ ಅಂಗಡಿಗಳಿಗೆ ನಾವೇ ಸರಕು ಕಳುಹಿಸುವೆವು. ಕೆಲವರು ತೆಳು ತಂತಿಯನ್ನೂ ದಾರವನ್ನೂ ಕಾಡುಕೋಳಿ, ಗೌಜಲಹಕ್ಕಿಗಳಿಗೆ ಉರುಲು ಹಾಕಲೆಂದೇ ಒಯ್ಯುತ್ತಿದ್ದರೆಂಬುದು ನನಗೆ ಗೊತ್ತಿತ್ತು. ಮಾರುವುದು ನನ್ನ ಕೆಲಸ, ಬಳಸುವುದು ಅವರ ಪಾಪ ಎಂದು ಸಮಾಧಾನ ಮಾಡಿಕೊಂಡಿದ್ದೆ.

2009ರಲ್ಲಿ ಬಾಕಿ ವಸೂಲಿಗೆಂದು ಜಗಳೂರಿನ ಕಡೆ ಹೋದಾಗ, ಹೊಲದ ಬದುವಿನಲ್ಲಿ ನವಿಲೊಂದು ಉರುಲಿಗೆ ಸಿಕ್ಕಿ ಒದ್ದಾಡುತ್ತಿತ್ತು. ಕಾಲಿಗೆ ಬಿಗಿದಿದ್ದ ಹಸಿರು ದಾರ ನಮ್ಮ ಅಂಗಡಿಯದು. ನಾನೇ ತೂಗಿ ಕಳುಹಿಸಿದ್ದ ಉಂಡೆ. ಬಿಡಿಸಿದೆವು, ಸಂಜೆಯೊಳಗೆ ಸತ್ತಿತು. ಹೊಲದ ರೈತನು, "ಸಾವ್ಕಾರ್ರೇ, ಬಿತ್ತಿದ ಶೇಂಗಾ ಬೀಜನೆಲ್ಲಾ ಹೆಕ್ಕಿ ತಿಂತಾವೆ. ನಾವು ಏನು ಮಾಡಾಣ ಹೇಳ್ರಿ" ಎಂದನು. ನನ್ನಲ್ಲಿ ಉತ್ತರವಿರಲಿಲ್ಲ.

ಬಂಧುಗಳೇ, ಬೆಳೆ ಕಾಯುವ ರೈತನ ಕಷ್ಟವನ್ನು ಮೋಜಿನ ಬೇಟೆಯೊಡನೆ ಸೇರಿಸಿ ತೂಗುವುದು ನ್ಯಾಯವಲ್ಲ. ಆದರೆ ನನ್ನ ಪಾಲೇನು? ಹಿಂಸೆಯ ಸಾಧನವನ್ನು ಒದಗಿಸುವುದನ್ನು ನಮ್ಮ ಶ್ರಾವಕಾಚಾರವು 'ಹಿಂಸಾದಾನ'ವೆಂದು ಕರೆದು, ಅನರ್ಥದಂಡದ ಐದು ಬಗೆಗಳಲ್ಲಿ ಎಣಿಸಿದೆ. ದಾನವೇ ದೋಷವೆಂದ ಮೇಲೆ, ಲಾಭ ಪಡೆದು ಕೊಟ್ಟುದಕ್ಕೆ ಏನೆನ್ನಬೇಕು?

ಅಂದಿನಿಂದ ಉರುಲಿಗೆಂದು ತಿಳಿದರೆ ದಾರವನ್ನೂ ತಂತಿಯನ್ನೂ ಕೊಡುವುದಿಲ್ಲ. ಹಕ್ಕಿಗಳನ್ನು ಬೆದರಿಸುವ ಹೊಳೆಯುವ ಪಟ್ಟಿಯನ್ನು ರೈತರಿಗೆ ಅಸಲಿಗೇ ಕೊಡುತ್ತೇನೆ. ಹಲವು ಗಿರಾಕಿಗಳು ಬೇರೆ ಅಂಗಡಿಗೆ ಹೋದರು. ಆ ಪಟ್ಟಿಗೆ ಹಕ್ಕಿಗಳು ಕೆಲವು ದಿನ ಹೆದರಿ ಆಮೇಲೆ ಒಗ್ಗಿಹೋಗುತ್ತವೆಂದು ರೈತರು ಹೇಳುವುದೂ ನಿಜ. ಆದರೂ ನನ್ನ ತಕ್ಕಡಿ ಹಗುರವಾಗಿದೆ.

ಕಾನೂನೂ ಈಗ ಸ್ಪಷ್ಟವಾಗಿದೆ. ನವಿಲು 1963ರಿಂದ ರಾಷ್ಟ್ರಪಕ್ಷಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಉಳಿದಿದ್ದ ಬೇಟೆಯ ಪರವಾನಗಿ 1991ರ ತಿದ್ದುಪಡಿಯಿಂದ ಹೋಯಿತು. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗವು 2011ರಲ್ಲಿ ಕೊಂಡುಕುರಿಗಳ ಅಭಯಾರಣ್ಯವಾಯಿತು. ಆದರೆ ಕಾನೂನು ಕಾಡಿನ ಅಂಚಿನಲ್ಲಿ ಕಾಯುತ್ತದೆ. ಉರುಲು ಹೊರಡುವುದು ಅಂಗಡಿಯಿಂದ.

ಈ ನಾಲ್ಕು ತಾಲ್ಲೂಕುಗಳ ವರ್ತಕ ಬಂಧುಗಳಲ್ಲಿ ನನ್ನ ಬಿನ್ನಹವಿಷ್ಟೇ: ಬಾಯಿಗೆ ಸಿಗುವಷ್ಟು ಹತ್ತಿರ ಹಕ್ಕಿಯಿದ್ದರೂ ಆ ನಾಯಿ ನಿಂತಿತ್ತು. ದಾರ ತೂಗುವ ಮುನ್ನ ನಾವೂ ಒಂದು ಗಳಿಗೆ ಕೈ ನಿಲ್ಲಿಸಿ, ಇದು ಯಾತಕ್ಕೆ ಎಂದು ಕೇಳೋಣ. ಅಷ್ಟು ಮಾಡಿದರೆ ಈ ಬಸದಿಯ ಮೆಟ್ಟಿಲನ್ನು ನಿರ್ಮಲ ಮನಸ್ಸಿನಿಂದ ಏರಬಹುದು.