ಹಂದಿಯಲ್ಲದ ಎರಡು ಹಂದಿಗಳು

ನಮ್ಮ ಕಾಸರಗೋಡಿನ ಕಾರಡ್ಕ, ಮುಳಿಯಾರು, ದೇಲಂಪಾಡಿ ಕಡೆಯ ತೋಟಗಳಲ್ಲಿ ಒಂದೊಂದು ಬೆಳಿಗ್ಗೆ ಎಳೆ ತೆಂಗಿನ ಸಸಿ ಬುಡ ಕೊರೆಸಿಕೊಂಡು ಮಲಗಿರುತ್ತದೆ. ಪಕ್ಕದಲ್ಲಿ ಕಪ್ಪು-ಬಿಳಿ ಪಟ್ಟೆಯ ಒಂದು ಮುಳ್ಳು. ರಾತ್ರಿ ಬಂದದ್ದು ಮುಳ್ಳುಹಂದಿ. ನೀರಿಗೆಂದು ಗುಡ್ಡೆಯೊಳಗೆ ಕೊರೆದು ಈಗ ಬತ್ತಿದ ಹಳೆಯ ಸುರಂಗಗಳಲ್ಲೂ ಅದು ಹಗಲು ಕಳೆಯುವುದುಂಟು. ಅದೇ ಗುಡ್ಡೆಯಲ್ಲಿ ಇರುಳು ತಿರುಗುವ ಇನ್ನೊಂದು ಪ್ರಾಣಿ ಚಿಪ್ಪುಹಂದಿ. ಅದು ಬಂದುಹೋದ ಗುರುತೆಂದರೆ ಬಗೆದ ಗೆದ್ದಲಹುತ್ತ, ಅಷ್ಟೆ.

ಹೆಸರಿನಲ್ಲಿ ಹಂದಿ ಇದೆ, ಆದರೆ ಎರಡೂ ಹಂದಿಯ ಜಾತಿಯವಲ್ಲ. ಮುಳ್ಳುಹಂದಿ ಇಲಿ, ಅಳಿಲುಗಳ ಬಳಗದ್ದು. ಈನಾಂಪೇಚ್ಚಿಗೆ, ಅಂದರೆ ಚಿಪ್ಪುಹಂದಿಗೆ, ಮರಪಟ್ಟಿ ಜೊತೆ ಎಂದು ಮಲಯಾಳದಲ್ಲೊಂದು ಗಾದೆಯಿದೆ. ಮರಪಟ್ಟಿ ಎಂದರೆ ಪುನುಗುಬೆಕ್ಕು. ಗಾದೆ ಕಟ್ಟಿದವರಿಗೆ ಗೊತ್ತಿತ್ತೋ ಇಲ್ಲವೋ, ಚಿಪ್ಪುಹಂದಿಯ ಹತ್ತಿರದ ನೆಂಟರು ಬೆಕ್ಕು, ನಾಯಿ, ಪುನುಗುಗಳೇ. ವಂಶದ ಲೆಕ್ಕ ಹಿಡಿದರೆ ಮುಳ್ಳುಹಂದಿಗೆ ಚಿಪ್ಪುಹಂದಿಗಿಂತ ಮನುಷ್ಯನೇ ಹತ್ತಿರದವನು! ಆದರೂ ಆ ಮುಳ್ಳು, ಈ ಚಿಪ್ಪು ಎರಡೂ ನಮ್ಮ ಉಗುರಿನಲ್ಲಿರುವ ಕೆರಾಟಿನ್‌ನಿಂದಲೇ ಆದವು.

ಬೆದರಿದರೆ ಮುಳ್ಳುಹಂದಿ ಬಾಲ ಗಲಗಲಿಸಿ, ಬೆನ್ನು ತಿರುಗಿಸಿ ಹಿಮ್ಮುಖವಾಗಿ ನುಗ್ಗುತ್ತದೆ. ಬಾಣದಂತೆ ಮುಳ್ಳು ಎಸೆಯುತ್ತದೆಂಬುದು ಮಾತ್ರ ಸುಳ್ಳು. ಚಿಪ್ಪುಹಂದಿಗೆ ಹಲ್ಲೇ ಇಲ್ಲ. ಅಂಟುನಾಲಗೆಯಿಂದ ಇರುವೆ, ಗೆದ್ದಲು ನೆಕ್ಕಿ ಬದುಕುವ ಸಾಧು ಜೀವ ಅದು. ಅಪಾಯ ಬಂದರೆ ತಲೆಯನ್ನು ಒಳಗೆ ಹುದುಗಿಸಿ ಚೆಂಡಾಗಿಬಿಡುತ್ತದೆ. ಚಿರತೆಯ ಹಲ್ಲಿಗೂ ಸುಲಭಕ್ಕೆ ಬಗ್ಗದ ಆ ಚೆಂಡನ್ನು ಮನುಷ್ಯ ಎತ್ತಿ ಗೋಣಿಗೆ ಹಾಕಿಕೊಳ್ಳುತ್ತಾನೆ. ಚಿಪ್ಪು ಔಷಧವೆಂಬ ನಂಬಿಕೆಗೆ ದೂರದ ದೇಶಗಳಲ್ಲಿ ಹಣ ಸುರಿಯುವವರಿದ್ದಾರೆ.

ಹಾಗಾಗಿ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ನಾವು ಶಪಿಸುವ ಮುಳ್ಳುಹಂದಿ ಆತಂಕವಿಲ್ಲದ ಸಾಲಿನಲ್ಲಿದೆ, ತೋಟದ ಗೆದ್ದಲು ತಿನ್ನುವ ಚಿಪ್ಪುಹಂದಿ ಅಳಿವಿನಂಚಿನ ಸಾಲಿನಲ್ಲಿದೆ. 1972ರ ವನ್ಯಜೀವಿ ಕಾಯ್ದೆ ಅದನ್ನು ಮೊದಲನೇ ಅನುಸೂಚಿಯಲ್ಲಿಟ್ಟು ಕಾಯುತ್ತಿದೆ. 2016ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ನಡೆದ, ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಸಮ್ಮೇಳನ ಜಗತ್ತಿನ ಎಂಟೂ ಜಾತಿಯ ಚಿಪ್ಪುಹಂದಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಷೇಧಿಸಲು ಒಪ್ಪಿತು. ಆದರೆ ಮುಳ್ಳುಹಂದಿಗೆಂದು ತೋಟದಂಚಿನಲ್ಲಿಟ್ಟ ಉರುಳು, ಬಂದದ್ದು ಯಾವ ಹಂದಿ ಎಂದು ಕೇಳುವುದಿಲ್ಲ.

ಚಿಪ್ಪುಹಂದಿ ಹೆರುವುದು ಸಾಮಾನ್ಯವಾಗಿ ಒಂದೇ ಮರಿ. ತಾಯಿ ಅದನ್ನು ಬಾಲದ ಬುಡದ ಮೇಲೆ ಕೂರಿಸಿಕೊಂಡು ತಿರುಗುತ್ತದೆ, ಬೆದರಿದರೆ ಮರಿಯನ್ನು ಒಳಗಿಟ್ಟುಕೊಂಡೇ ಚೆಂಡಾಗುತ್ತದೆ. ಗೇರುಗುಡ್ಡೆಯಲ್ಲೋ ತೋಟದ ಬದಿಯಲ್ಲೋ ಅಂಥ ಚೆಂಡು ಕಂಡರೆ ಮುಟ್ಟಬೇಡಿ, ನಾಯಿಯನ್ನು ಕಟ್ಟಿಹಾಕಿ. ಗಾಯವಾಗಿದ್ದರೆ ಅರಣ್ಯ ಇಲಾಖೆಯವರಿಗೆ ಹೇಳಿ. ಗಾಯವಿಲ್ಲದಿದ್ದರೆ, ಸದ್ದಡಗಿದ ಮೇಲೆ ಮೊದಲು ಮೂಗು ಹೊರಬರುತ್ತದೆ, ಆಮೇಲೆ ಅದು ಮೆಲ್ಲಗೆ ಬಿಚ್ಚಿಕೊಂಡು ಗುಡ್ಡೆಯ ಕಡೆ ನಡೆಯುತ್ತದೆ.