ಡೇರೆ ಕಿತ್ತ ಮೇಲೆ

(ಕಾರ್ಮಿಕರ ವಾಚನಾಲಯದಲ್ಲಿ ಚಿತ್ರಪ್ರದರ್ಶನದ ನಂತರ ಮಾಡಿದ ಭಾಷಣ)



ಈಗ ತಾನೇ ನಾವೆಲ್ಲ ಕೂಡಿ ನೋಡಿದ್ದು ಮಲೆಯಾಳದ ‘ತಂಬು’ ಚಿತ್ರ. ನಮ್ಮ ಮಾತಿನಲ್ಲೂ ತಂಬು ಎಂದರೆ ಡೇರೆಯೇ. 1978ರಲ್ಲಿ ಇದನ್ನು ತೆಗೆದವರು ಜಿ. ಅರವಿಂದನ್, ರಬ್ಬರ್ ಮಂಡಳಿಯ ನೌಕರಿ ಮಾಡುತ್ತ, ವ್ಯಂಗ್ಯಚಿತ್ರ ಬರೆಯುತ್ತ ಸಿನಿಮಾಕ್ಕೆ ಬಂದವರು. ಶ್ರೇಷ್ಠ ನಿರ್ದೇಶಕರೆಂಬ ರಾಷ್ಟ್ರಪ್ರಶಸ್ತಿ ಇದಕ್ಕೆ ಬಂದರೂ ಕಂಡವರು ವಿರಳ. 2022ರಲ್ಲಿ ಹಳೆಯ ಪ್ರತಿಯನ್ನು ಸರಿಪಡಿಸಿ ಕಾನ್ ಉತ್ಸವದಲ್ಲಿ ತೋರಿಸಿದರು.

ಕಥೆ ಎನ್ನುವಂಥದು ಹೆಚ್ಚಿಲ್ಲ. ಭಾರತಪ್ಪುಳ ನದಿಯ ದಂಡೆಯ ಹಳ್ಳಿಗೆ ಲಾರಿಯಲ್ಲಿ ಸರ್ಕಸ್ಸು ಬರುತ್ತದೆ, ಡೇರೆ ಏಳುತ್ತದೆ, ಆಟವಾಗುತ್ತದೆ, ಡೇರೆ ಕಿತ್ತು ಲಾರಿ ಹೊರಡುತ್ತದೆ. ಅಷ್ಟೆ. ಆದರೆ ಆಟ ಆಡಿದವರು ವೇಷ ಹಾಕಿದ ನಟರಲ್ಲ. ನಿಜವಾದ ಸರ್ಕಸ್ಸಿನಲ್ಲಿ ದುಡಿಯುತ್ತಿದ್ದವರು. ಬಾಯಿ ತೆರೆದು ನೋಡುತ್ತ ಕುಳಿತವರು ಆ ಊರ ಜನರೇ.

ಮೊದಲ ದಿನ ಜನವೋ ಜನ. ಆಮೇಲೆ ಊರಿಗೆ ದೇವರ ಉತ್ಸವದ ಗಡಿಬಿಡಿ. ಡೇರೆಯಲ್ಲಿ ಜನ ಕಡಿಮೆ. ವ್ಯಾಪಾರಿ ಮಿತ್ರರಿಗೆ ಇದನ್ನು ಬಿಡಿಸಿ ಹೇಳಬೇಕೆ? ಗಿರಾಕಿ ಬಾರದ ದಿನವೂ ಒಲೆ ಉರಿಯಲೇಬೇಕು.

ಸರ್ಕಸ್ಸಿನ ಚಿತ್ರದಲ್ಲಿ ನಾವು ಸಾಹಸವನ್ನು ಹುಡುಕುತ್ತೇವೆ. ಅರವಿಂದನ್ ಮುಖಗಳನ್ನು ತೋರಿಸಿದರು. ದಣಿದ ಮುಖ, ಪ್ರಾಯ ಕಳೆದ ಮುಖ, ನಗಿಸುವ ಕಸುಬಿನವನ ನಗದ ಮುಖ. ಅವುಗಳ ಮುಂದೆ ಕ್ಯಾಮರಾ ಅವಸರ ಮಾಡುವುದಿಲ್ಲ. ನೋಡುವ ನಮಗೇ ಇರಸುಮುರಸಾಗುತ್ತದೆ.

ಈ ಮುಖಗಳ ಹಿಂದೆ ಒಂದು ಚರಿತ್ರೆಯಿದೆ. ತಲಚೇರಿಯಲ್ಲಿ ಕೀಲೇರಿ ಕುಂಞಿಕಣ್ಣನ್ 1901ರಲ್ಲಿ ಸರ್ಕಸ್ಸು ಕಲಿಸುವ ಶಾಲೆ ತೆರೆದರು. ದೇಶದ ಎಷ್ಟೋ ಡೇರೆಗಳಿಗೆ ಕಲಾವಿದರು ಹೊರಟದ್ದು ಆ ಸೀಮೆಯಿಂದ. ಮಕ್ಕಳನ್ನು ಸರ್ಕಸ್ಸಿನಲ್ಲಿ ದುಡಿಸಬಾರದೆಂದು ಸುಪ್ರೀಂ ಕೋರ್ಟು ಹೇಳಿದ್ದು 2011ರಲ್ಲಿ. ಅಲ್ಲಿಯವರೆಗೆ ಎಳೆಯ ವಯಸ್ಸಿಗೇ ಡೇರೆ ಸೇರಿದ ಕೂಸಿಗೆ ಓದೂ ಇಲ್ಲ, ಬೇರೆ ಕಸುಬೂ ಇಲ್ಲ. ಬಂಡವಾಳವೆಂದರೆ ಮೈಯೊಂದೇ. ಆ ಮೈ ಬಗ್ಗದ ದಿನ ಬಂದರೆ?

ಗಿರಣಿಯ ಬಂಧುಗಳೇ, ನೂಲಿನ ಧೂಳು ಕುಡಿದ ಎದೆ, ಪಾಳಿಯಲ್ಲಿ ನಿಂತು ಊದಿದ ಕಾಲು ಏನೆಂದು ನಿಮಗೆ ಗೊತ್ತು. 1952ರ ಭವಿಷ್ಯನಿಧಿ ಕಾನೂನಿನ ಬೆಲೆಯೂ ಗೊತ್ತು. ಊರೂರು ಅಲೆಯುವ ಡೇರೆಯವರಿಗೆ ಒಂದಾಗಿ ನಿಂತು ಕೇಳಲು ನೆಲೆಯೇ ಇಲ್ಲ. ನಿವೃತ್ತ ಸರ್ಕಸ್ ಕಲಾವಿದರಿಗೆ ಕೇರಳ ಸರ್ಕಾರ ಪಿಂಚಣಿ ಏರ್ಪಡಿಸಿತು. ಅದು ದಾನವಲ್ಲ, ದುಡಿಮೆಯ ಬಾಕಿ.

ನಾವು ಟಿಕೀಟು ಕೊಟ್ಟದ್ದು ಹತ್ತು ನಿಮಿಷದ ಆಟಕ್ಕೆ. ಅವರು ಅದಕ್ಕೆ ಕೊಟ್ಟದ್ದು ಇಡೀ ಆಯುಷ್ಯ. ನಮ್ಮ ಮೈದಾನದಲ್ಲಿ ಡೇರೆ ಎದ್ದಾಗ ಮನಸಾರೆ ಚಪ್ಪಾಳೆ ತಟ್ಟೋಣ. ಜೊತೆಗೆ, ವಯಸ್ಸಾದ ಮೇಲೆ ಇವರ ಅನ್ನಕ್ಕೆ ಹೊಣೆ ಯಾರು ಎಂದು ಗಟ್ಟಿಯಾಗಿ ಕೇಳೋಣ.